ಕಂಬಿ ಉದ್ದ, ದಾರಿ ಕಿರಿದು, ನಡುವೆ ನಮ್ಮ ಹುಡುಗರು

ನಮ್ಮೂರಿಂದ ಶಿರಾಕ್ಕೆ ಹೋಗುವ ದಾರಿಯಲ್ಲಿ ವಾರಕ್ಕೊಂದು ಸಲವಾದರೂ ಇದು ಕಣ್ಣಿಗೆ ಬೀಳುತ್ತದೆ. ಟ್ರ್ಯಾಕ್ಟರ್ ಟ್ರೇಲರ್ ತುಂಬಾ ಮನೆ ಕಟ್ಟುವ ಕಂಬಿ. ಟ್ರೇಲರ್ ಮುಗಿದರೂ ಕಂಬಿ ಮುಗಿದಿಲ್ಲ. ಹಿಂದೆ ಬಾಲದ ಹಾಗೆ ಜೋತು ಬಿದ್ದು ಟಾರು ರಸ್ತೆಗೆ ಉಜ್ಜಿ ಕಿರ್ರೋ ಎನ್ನುತ್ತಾ ಕಿಡಿ ಹಾರಿಸುತ್ತಿರುತ್ತದೆ. ತುದಿಗೆ ಹಳೇ ಸೀರೆಯ ಕೆಂಪು ತುಂಡು. ಆ ತುಂಡು ಕಟ್ಟಿದ ಮೇಲೆ ಎಲ್ಲಾ ಜವಾಬ್ದಾರಿ ಹಿಂದೆ ಬರುವ ಬೈಕಿನವನದು.

ಹೀಗೆ ಮಾಲು ಹೊರಚಾಚುವುದನ್ನು ಕೇಂದ್ರ ಸರ್ಕಾರ 2014ರಲ್ಲೇ ನಿಯಮ ತಿದ್ದಿ ನಿಷೇಧಿಸಿದೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲಿ ಇದಕ್ಕೆ 20,000 ರೂಪಾಯಿ ದಂಡ ಬರೆದಿದೆ. ರಸ್ತೆಯ ಮೇಲಿನ ಕಂಬಿ ಎಲ್ಲರಿಗೂ ಕಾಣುವುದರಿಂದ ಅದಕ್ಕೆ ಕಾನೂನಾದರೂ ಬಂತು. ಅದೇ ಕಂಬಿ ಗೋಡೌನಿನ ಗೇಟಿನ ಒಳಗೆ ಏನು ಮಾಡುತ್ತದೆ ಅನ್ನುವುದು ಯಾರಿಗೂ ಕಾಣುವುದಿಲ್ಲ. ನಾನು ಇವತ್ತು ಬರೆಯುತ್ತಿರುವುದು ಆ ಗೇಟಿನ ಒಳಗಿನ ವಿಷಯ.

ತೂಕ ಕೇಳುತ್ತೇವೆ, ಉದ್ದ ಕೇಳುವುದಿಲ್ಲ

ಯಾರಾದರೂ ಭಾರ ಎತ್ತುವ ಕೆಲಸಕ್ಕೆ ಹೊರಟರೆ ನಾವು ಕೇಳುವ ಮೊದಲ ಪ್ರಶ್ನೆ, "ಎಷ್ಟು ಕೆಜಿ?" ಸಿಮೆಂಟ್ ಮೂಟೆ 50 ಕೆಜಿ ಅಂದ ತಕ್ಷಣ ಲೆಕ್ಕ ಸಿಗುತ್ತದೆ. ಒಬ್ಬ ಬೆನ್ನಿಗೆ ಹಾಕಿಕೊಂಡು ನಡೆಯಬಹುದು.

ಕಂಬಿಗೆ ಈ ಲೆಕ್ಕ ಸಾಲದು. ಗಾರೆ ಕೆಲಸದವರಿಗೆಲ್ಲಾ ಗೊತ್ತಿರುವ ಸೂತ್ರ ಇದು: ಕಂಬಿಯ ದಪ್ಪವನ್ನು ಎಂಎಂನಲ್ಲಿ ತೆಗೆದುಕೊಂಡು ಅದನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರ್ ಕಂಬಿಯ ತೂಕ ಬರುತ್ತದೆ. 12 ಎಂಎಂ ಕಂಬಿ ಹಾಗೆ ಮೀಟರಿಗೆ 900 ಗ್ರಾಂ ಹತ್ತಿರ. ಮಾರುಕಟ್ಟೆಗೆ ಬರುವ ಒಂದು ಉದ್ದ 12 ಮೀಟರ್, ಅಂದರೆ 40 ಅಡಿ. ಒಂದು ಕಂಬಿ ಹತ್ತೂವರೆ ಕೆಜಿ ಚಿಲ್ಲರೆ. ಐದು ಕಂಬಿ ಸೇರಿದರೆ ಒಂದು ಸಿಮೆಂಟ್ ಮೂಟೆಗಿಂತ ಸ್ವಲ್ಪ ಹೆಚ್ಚು ತೂಕ.

ಹಾಗಂತ ಐದು ಕಂಬಿಯನ್ನು ಒಬ್ಬನೇ ಹೆಗಲ ಮೇಲೆ ಇಟ್ಟುಕೊಂಡು ತಿರುಗಿ ನೋಡಲಿ. ಮುಂದೆ 20 ಅಡಿ, ಹಿಂದೆ 20 ಅಡಿ. ಅವನು ಅರ್ಧ ಹೆಜ್ಜೆ ತಿರುಗಿದರೆ ತುದಿ ಅಷ್ಟು ದೂರ ಬೀಸಿಕೊಂಡು ಹೋಗುತ್ತದೆ. ನಡೆದಂತೆಲ್ಲಾ ತುದಿಗಳು ಮೇಲೆ ಕೆಳಗೆ ಕುಣಿಯುತ್ತವೆ, ಆ ಕುಣಿತ ಹೆಗಲಿಗೆ ಬಡಿಯುತ್ತದೆ. ತೂಕ ಮೂಟೆಯಷ್ಟೇ ಇದ್ದರೂ ಕೆಲಸ ಮೂಟೆಯದಲ್ಲ.

ಕೇಸಿಂಗ್ ಪೈಪು, ಚಾವಣಿಯ ಶೀಟು, ಬಿದಿರು ಗಳ, ಮರದ ದಿಮ್ಮಿ, ವಿದ್ಯುತ್ ಕಂಬ ಎಲ್ಲದರ ಕತೆಯೂ ಇದೇ. ಉದ್ದದ ಮಾಲಿನ ಅಪಾಯ ತುದಿಯಲ್ಲಿರುತ್ತದೆ. ತುದಿಯಲ್ಲಿ ಯಾವಾಗಲೂ ಯಾರಾದರೂ ಒಬ್ಬ ನಿಂತಿರುತ್ತಾನೆ.

ನಮ್ಮಣ್ಣ ನಿಂತಿದ್ದ ಜಾಗ

ಆ ತುದಿಯಲ್ಲಿ ನಾಲ್ಕು ವರ್ಷದ ಹಿಂದೆ ನಮ್ಮ ದೊಡ್ಡಪ್ಪನ ಮಗ ನಿಂತಿದ್ದ. ಬೆಂಗಳೂರಿನ ಹೊರವಲಯದ ಒಂದು ಪೈಪ್ ಗೋಡೌನಿನಲ್ಲಿ ಹೆಲ್ಪರ್ ಕೆಲಸ. ಅಲ್ಲಿ ಫೋರ್ಕ್‌ಲಿಫ್ಟ್ ಇತ್ತು, ಡ್ರೈವರ್ ಇದ್ದ. ಮೆಷಿನ್ ಇದೆ, ಹೊರುವ ಕಷ್ಟ ಇಲ್ಲ ಅಂತ ಮನೆಯವರಿಗೆಲ್ಲ ಸಮಾಧಾನ.

ಫೋರ್ಕ್‌ಲಿಫ್ಟಿನ ಮುಂದಿನ ಎರಡು ಫೋರ್ಕಿನ ಮೇಲೆ 20 ಅಡಿ ಪೈಪಿನ ಕಟ್ಟು ಅಡ್ಡಡ್ಡ ಕೂತಿತ್ತು. ಆ ಕಡೆ 10 ಅಡಿ, ಈ ಕಡೆ 10 ಅಡಿ ಹೊರಗೆ ಚಾಚಿತ್ತು. ಓಲಾಡುತ್ತಿದೆ, ತುದಿ ಹಿಡ್ಕೋ ಅಂದರು. ಅಣ್ಣ ಹಿಡಿದುಕೊಂಡ. ಮುಂದಿನ ಚಕ್ರ ಚರಂಡಿಯ ಮುಚ್ಚಳದ ತಗ್ಗಿಗೆ ಇಳಿಯಿತು. ಕಟ್ಟು ಅವನ ಕಡೆಗೇ ಜಾರಿತು. ಮೊಣಕಾಲ ಕೆಳಗೆ ಎರಡು ಕಡೆ ಮೂಳೆ ಮುರಿಯಿತು.

"ಕಬ್ಬಿಣ ಹೊತ್ತ ಕಾಲಿಗೇ ಕಬ್ಬಿಣ ಹಾಕಿದ್ರು ಕಣೋ" ಅಂತ ಅವನೇ ನಗುತ್ತಾ ಹೇಳುತ್ತಾನೆ. ಒಳಗೆ ಸರಳಿದೆ, ಚಳಿಗಾಲ ಬಂದರೆ ನೋವು. ಮೊದಲ ದಿನದ ಬಿಲ್ಲು ಕಟ್ಟಿದ ಗುತ್ತಿಗೆದಾರ ಆಮೇಲೆ ಫೋನ್ ಎತ್ತಲಿಲ್ಲ. ದೊಡ್ಡಪ್ಪ ಹತ್ತು ಕುರಿ ಮಾರಿದರು, ದೊಡ್ಡಮ್ಮನ ಓಲೆ ಗಿರವಿಗೆ ಹೋಯಿತು. ಅಣ್ಣನಿಗೆ ಇಎಸ್‌ಐ ನಂಬರೇ ಇರಲಿಲ್ಲ. ಇರಬೇಕು ಅನ್ನುವುದು ಅವನಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ.

ಆ ದಿನ ಯಾರ ತಪ್ಪು? ಡ್ರೈವರನದು ಅಂತ ಅಲ್ಲಿಯವರು ತೀರ್ಮಾನ ಮಾಡಿ, ಅವನನ್ನು ಕೆಲಸದಿಂದ ತೆಗೆದರು. ನನ್ನ ಪ್ರಕಾರ ಆ ಡ್ರೈವರ್ ಕೂಡ ನಮ್ಮಣ್ಣನ ಹಾಗೇ ಸಿಕ್ಕಿಹಾಕಿಕೊಂಡವನು. ಆ ಕೆಲಸಕ್ಕೆ ಹೇಳಿ ಮಾಡಿಸದ ಯಂತ್ರವನ್ನು ಅವನ ಕೈಗೆ ಕೊಟ್ಟಿದ್ದರು.

ಸಾಮಾನ್ಯ ಫೋರ್ಕ್‌ಲಿಫ್ಟ್ ಯಾಕೆ ಸಾಲದು?

ಸಲಿಕೆಯಲ್ಲಿ ಮಣ್ಣು ತುಂಬಿ, ಹಿಡಿಯ ಕೊನೆಯನ್ನು ಮಾತ್ರ ಹಿಡಿದು ಎತ್ತಿ ನೋಡಿ. ಆಗುವುದಿಲ್ಲ. ಅದೇ ಸಲಿಕೆಯ ಬಾಯಿಯ ಹತ್ತಿರ ಕೈ ಹಾಕಿದರೆ ಸಲೀಸು. ಮಣ್ಣು ಅಷ್ಟೇ ಇದೆ, ದೂರ ಬದಲಾಯಿತು.

ನಾವು ಕಾರ್ಖಾನೆಗಳಲ್ಲಿ ನೋಡುವ ಸಾಮಾನ್ಯ ಫೋರ್ಕ್‌ಲಿಫ್ಟ್ ನಡೆಯುವುದು ಇದೇ ಲೆಕ್ಕದ ಮೇಲೆ. ಹಿಂದೆ ದೊಡ್ಡ ಕಬ್ಬಿಣದ ಗುಂಡು, ಮುಂದೆ ಮಾಲು, ನಡುವೆ ಮುಂದಿನ ಚಕ್ರ. ನಮ್ಮ ಹಳೇ ಏತದ ಹಾಗೆ. 3 ಟನ್ ಎತ್ತುವ ಗಾಡಿ ಅಂದರೆ, ಮಾಲಿನ ನಡುಭಾರ ಫೋರ್ಕಿನ ಬುಡದಿಂದ 500 ಎಂಎಂ ದೂರದಲ್ಲಿದ್ದಾಗ ಮಾತ್ರ 3 ಟನ್. ಗಾಡಿಯ ಮೇಲಿನ ತಗಡಿನಲ್ಲಿ ಹೀಗೇ ಬರೆದಿರುತ್ತದೆ. ಆ ದೂರ ಒಂದು ಮೀಟರ್ ಆದರೆ ಅದೇ ಗಾಡಿಯ ಶಕ್ತಿ ಹೆಚ್ಚುಕಡಿಮೆ 2 ಟನ್ನಿಗೆ ಇಳಿಯುತ್ತದೆ. ಲೆಕ್ಕ ಗಾಡಿಯಿಂದ ಗಾಡಿಗೆ ಬದಲಾಗಬಹುದು, ಇಳಿಯುವುದಂತೂ ಖಂಡಿತ.

ಹಾಗಾಗಿ 20 ಅಡಿ ಪೈಪನ್ನು ಉದ್ದಕ್ಕೆ ಎತ್ತುವುದು ಅಸಾಧ್ಯ. ಅಡ್ಡವೇ ಎತ್ತಬೇಕು. ಅಡ್ಡ ಎತ್ತಿದರೆ ಎರಡು ತೊಂದರೆ.

ಮೊದಲನೆಯದು ದಾರಿ. 20 ಅಡಿ ಪೈಪು ಅಡ್ಡಡ್ಡ ಹೋಗಲು 20 ಅಡಿಗಿಂತ ಅಗಲದ ದಾರಿ ಬೇಕು. ಬಾಡಿಗೆಗೆ ಹಿಡಿದ ಗೋಡೌನಿನಲ್ಲಿ ಅಷ್ಟು ಜಾಗ ಖಾಲಿ ಬಿಡುವವರು ಯಾರು? ಬಿಡುವುದಿಲ್ಲ. ಮಾಲನ್ನು ಎತ್ತರಕ್ಕೆ ಎತ್ತಿ, ಉಳಿದ ರಾಶಿಗಳ ತಲೆಯ ಮೇಲಿಂದ ತೇಲಿಸಿಕೊಂಡು ಹೋಗುತ್ತಾರೆ. ಎತ್ತರಕ್ಕೆ ಹೋದಷ್ಟೂ ಗಾಡಿ ಮಗುಚುವ ಭಯ ಹೆಚ್ಚು.

ಎರಡನೆಯದು ತುದಿ. ಫೋರ್ಕ್‌ಲಿಫ್ಟ್ ತಿರುಗುವುದು ಹಿಂದಿನ ಚಕ್ರದಿಂದ. ಡ್ರೈವರ್ ಸ್ವಲ್ಪ ಸ್ಟೇರಿಂಗ್ ತಿರುಗಿಸಿದರೂ ಪೈಪಿನ ತುದಿ ಬೀಸು ಹೊಡೆಯುತ್ತದೆ. ಅದನ್ನು ಹಿಡಿಯಲು ಆಳು ಬೇಕಾಗುತ್ತದೆ. ಅಲ್ಲಿಗೆ ನಮ್ಮಣ್ಣ ಬಂದು ನಿಂತ.

ಎಷ್ಟೋ ಕಡೆ ಫೋರ್ಕ್‌ಲಿಫ್ಟ್ ಬದಲು ಹೈಡ್ರಾ ತರಿಸುತ್ತಾರೆ. ಹೈಡ್ರಾದಲ್ಲಿ ಮಾಲು ಹಗ್ಗ, ಸರಪಳಿಯಲ್ಲಿ ನೇತಾಡುತ್ತದೆ. ಗಾಡಿ ಚಲಿಸಿದರೆ ಮಾಲು ತೊಟ್ಟಿಲ ಹಾಗೆ ತೂಗುತ್ತದೆ. ಅಲ್ಲೂ ತುದಿ ಹಿಡಿಯಲು ಒಬ್ಬ ಬೇಕು.

ಬಾಗಿಲಲ್ಲಿ ನಾವು ಮಾಡುವುದನ್ನೇ ಮಾಡುವ ಗಾಡಿ

ಏಣಿಯನ್ನು ಮನೆಯೊಳಗೆ ತರುವಾಗ ಯಾರೂ ಅಡ್ಡ ಹಿಡಿದು ಬಾಗಿಲಿಗೆ ಗುದ್ದುವುದಿಲ್ಲ. ಉದ್ದಕ್ಕೆ ತಿರುಗಿಸಿಕೊಂಡು ಬರುತ್ತೇವೆ. ಕೊಡಗಿನ ದುಬಾರೆಯ ಆನೆಗಳು ಒಂದು ಕಾಲಕ್ಕೆ ಅರಣ್ಯ ಇಲಾಖೆಗೆ ದಿಮ್ಮಿ ಎಳೆಯುತ್ತಿದ್ದವು. ಮರಗಳ ನಡುವೆ ದಿಮ್ಮಿ ಹೊರಬರುತ್ತಿದ್ದದ್ದು ಉದ್ದಕ್ಕೇ. ಎತ್ತಿನ ಗಾಡಿಗೆ ಬಿದಿರು ಹೇರುವವರೂ ಉದ್ದಕ್ಕೇ ಹೇರುತ್ತಾರೆ.

ಸೈಡ್ ಲೋಡರ್ ಅನ್ನುವ ಫೋರ್ಕ್‌ಲಿಫ್ಟ್ ಮಾಡುವುದು ಇಷ್ಟನ್ನೇ. ಇದರ ಫೋರ್ಕು ಮುಂದೆ ಇರುವುದಿಲ್ಲ, ಗಾಡಿಯ ಪಕ್ಕದಲ್ಲಿರುತ್ತದೆ. ಡ್ರೈವರನ ಕ್ಯಾಬಿನ್ ಒಂದು ಮೂಲೆಗೆ. ಗಾಡಿಯ ಮೇಲೆ ಲಾರಿಯ ತಳದ ಹಾಗೆ ಚಪ್ಪಟೆ ಹಾಸು. ಫೋರ್ಕನ್ನು ಮೇಲೆ ಕೆಳಗೆ ಮಾಡುವ ಕಂಬ ಗಾಡಿಯ ನಡುವಿನಿಂದ ಪಕ್ಕಕ್ಕೆ ಸರಿದು ಹೊರಗೆ ಬರುತ್ತದೆ, ಮತ್ತೆ ಒಳಗೆ ಹೋಗುತ್ತದೆ.

ಡ್ರೈವರ್ ಪೈಪಿನ ರಾಶಿಯ ಪಕ್ಕಕ್ಕೇ ಗಾಡಿ ತಂದು ನಿಲ್ಲಿಸುತ್ತಾನೆ. ದೊಡ್ಡ ಗಾಡಿಯಾದರೆ ಜೆಸಿಬಿಯ ಹಾಗೆ ಜಾಕ್ ಇಳಿಸಿ ನೆಲಕ್ಕೆ ಊರುತ್ತಾನೆ. ಫೋರ್ಕು ಪಕ್ಕಕ್ಕೆ ಚಾಚಿ ಕಟ್ಟಿನ ಕೆಳಗೆ ಹೋಗಿ, ಎತ್ತಿ, ಒಳಗೆ ಎಳೆದುಕೊಂಡು, ಮಾಲನ್ನು ಹಾಸಿನ ಮೇಲೆ ಮಲಗಿಸುತ್ತದೆ. ಈಗ ಭಾರ ನಾಲ್ಕು ಚಕ್ರದ ನಡುವೆ ಕೂತಿದೆ. ಪೈಪು ಗಾಡಿಯ ಉದ್ದಕ್ಕೇ ಇದೆ. ಗಾಡಿ ಹೋಗುವಷ್ಟು ದಾರಿ ಇದ್ದರೆ ಪೈಪೂ ಹೋಗುತ್ತದೆ. ತುದಿ ಹಿಡಿಯಲು ಯಾರೂ ಬೇಕಿಲ್ಲ.

ಇದು ಹೊಸದಾಗಿ ಕಂಡುಹಿಡಿದದ್ದೇನೂ ಅಲ್ಲ. ಇಂಗ್ಲೆಂಡಿನಲ್ಲಿ ಲ್ಯಾನ್ಸರ್ ಬಾಸ್ ಕಂಪನಿ ಮರದ ಯಾರ್ಡುಗಳಿಗೆ ಸೈಡ್ ಲೋಡರ್ ಮಾಡುತ್ತಿದ್ದದ್ದು ನಮ್ಮಪ್ಪ ಹುಟ್ಟುವ ಮೊದಲೇ. 1998ರಲ್ಲಿ ಐರ್ಲೆಂಡಿನ ಮೊನಹನ್ ಎಂಬ ಸಣ್ಣ ಊರಿನಲ್ಲಿ ಕಾಂಬಿಲಿಫ್ಟ್ ಎಂಬ ಕಂಪನಿ ಶುರುವಾಯಿತು. ಅವರ ಗಾಡಿಯ ಚಕ್ರಗಳು ತಿರುಗಿ ನಿಲ್ಲುತ್ತವೆ, ಹಾಗಾಗಿ ಒಂದೇ ಗಾಡಿ ಮುಂದಕ್ಕೂ ಹೋಗುತ್ತದೆ, ಏಡಿಯ ಹಾಗೆ ಪಕ್ಕಕ್ಕೂ ಹೋಗುತ್ತದೆ. ಯಾರ ಜಾಹೀರಾತಿಗೂ ಇದನ್ನು ಹೇಳುತ್ತಿಲ್ಲ. ಉದ್ದದ ಮಾಲಿಗೆ ಬೇರೆ ಯಂತ್ರ ಬೇಕು ಅನ್ನುವುದು ಗೊತ್ತಾಗಿ ಎರಡು ತಲೆಮಾರು ಕಳೆದಿದೆ ಅಂತ ತೋರಿಸಲು ಹೇಳಿದೆ.

ಇದಕ್ಕೂ ಕುಂದುಕೊರತೆ ಇವೆ. ಹೆಚ್ಚಿನ ಗಾಡಿಗಳು ಒಂದೇ ಪಕ್ಕದಿಂದ ಎತ್ತುತ್ತವೆ. ಆ ಕಡೆಯ ರಾಶಿ ಬೇಕೆಂದರೆ ಹೊರಗೆ ಹೋಗಿ ತಿರುಗಿಕೊಂಡು ಬರಬೇಕು. ಮಾಲು ಹೇರಿದ ಮೇಲೆ ಡ್ರೈವರನಿಗೆ ಆ ಪಕ್ಕ ಸರಿಯಾಗಿ ಕಾಣುವುದಿಲ್ಲ. ನೆಲ ಗಟ್ಟಿಯಾಗಿ ಸಮತಟ್ಟಾಗಿ ಇರಬೇಕು, ಮಳೆಗಾಲದ ಕೆಸರಿನಲ್ಲಿ ಇದರ ಆಟ ನಡೆಯದು. ಫೋರ್ಕು ಹೊರಗೆ ಚಾಚಿ ಎತ್ತಿರುವಾಗ ಗಾಡಿ ಓಡಿಸಿದರೆ ಇದೂ ಮಗುಚುತ್ತದೆ. ಮೆಷಿನ್ ತಂದ ಕೂಡಲೇ ಅಪಾಯ ಓಡಿಹೋಗುವುದಿಲ್ಲ. ತುದಿಯಲ್ಲಿ ಮನುಷ್ಯ ನಿಲ್ಲಬೇಕಾದ ಅಗತ್ಯ ಹೋಗುತ್ತದೆ. ನನಗೆ ಅದೇ ದೊಡ್ಡದು.

"ಮೆಷಿನ್ ಬಂದ್ರೆ ನಮ್ಮ ಗತಿ?"

ಈ ಲೇಖನ ಬರೆಯುತ್ತೇನೆ ಅಂದಾಗ ನಮ್ಮ ಚಿಕ್ಕಪ್ಪ ಬೈದರು. ಅವರು ತಾಲ್ಲೂಕು ಕೇಂದ್ರದ ಕಬ್ಬಿಣದ ಅಂಗಡಿಗಳಲ್ಲಿ ಲೋಡಿಂಗ್, ಅನ್‌ಲೋಡಿಂಗ್ ಮಾಡುವವರು. ಟನ್ನಿಗೆ ಇಷ್ಟು ಅಂತ ಕೂಲಿ, ಆರು ಜನರ ಗುಂಪು ಹಂಚಿಕೊಳ್ಳುತ್ತದೆ. "ನೀನು ಓದಿದೋನು, ಮೆಷಿನ್ ತರ್ಸಿ ಅಂತ ಬರೀತೀಯ. ಮೆಷಿನ್ ಬಂದ್ರೆ ನಮ್ಮ ಗತಿ ಏನು? ಮಣ್ಣು ಕೆಲಸ ಜೆಸಿಬಿ ತಗೊಂಡ್ತು, ಇದನ್ನೂ ಕೊಟ್ಬಿಡಾಣ?"

ಈ ಪ್ರಶ್ನೆಗೆ ಹಾರಿಕೆ ಉತ್ತರ ಕೊಡಬಾರದು. ಆರು ಜನ ಮಾಡುವ ಕೆಲಸವನ್ನು ಗಾಡಿ ಒಬ್ಬನ ಕೈಲಿ ಮಾಡಿಸುತ್ತದೆ, ಇದು ನಿಜ. ಚಿಕ್ಕಪ್ಪನಿಗೆ ಆ ಕೂಲಿಯೇ ಮನೆ ನಡೆಸುವುದು.

ಆದರೆ ಚಿಕ್ಕಪ್ಪನ ಹೆಗಲು ನಾನು ನೋಡಿದ್ದೇನೆ. ಬಲಗಡೆ ಗಂಟು ಕಟ್ಟಿದೆ. ಬೆಳಿಗ್ಗೆ ಎದ್ದರೆ ಸೊಂಟ ನೆಟ್ಟಗಾಗಲು ಹತ್ತು ನಿಮಿಷ ಬೇಕು. ಅವರ ಗುಂಪಿನಲ್ಲಿ ಐವತ್ತು ದಾಟಿದವರು ಯಾರೂ ಉಳಿದಿಲ್ಲ. "ಮಗನ್ನ ಈ ಕೆಲಸಕ್ಕೆ ಕರ್ಕೊಂಡು ಹೋಗ್ತೀರಾ?" ಅಂತ ಕೇಳಿದೆ. ಸುಮ್ಮನಾದರು. ಮಗ ಬೇಡ ಅನ್ನುವ ಕೆಲಸವನ್ನು ಉಳಿಸಿ ಅಂತ ಹೇಗೆ ಕೇಳುವುದು?

ನಾನು ಹೇಳುವುದು ಇಷ್ಟು: ಯಂತ್ರ ಬರಲಿ, ಅದರ ಸೀಟಿನಲ್ಲಿ ಮೊದಲು ಕೂರುವ ಹಕ್ಕು ಇಷ್ಟು ದಿನ ಹೊತ್ತವರಿಗೇ ಸಿಗಲಿ. ಯಾವ ಕಟ್ಟು ಹೇಗೆ ಜಾರುತ್ತದೆ, ಯಾವ ದಿಮ್ಮಿ ಎತ್ತ ಉರುಳುತ್ತದೆ ಅನ್ನುವುದು ಚಿಕ್ಕಪ್ಪನಷ್ಟು ಚೆನ್ನಾಗಿ ಗೊತ್ತಿರುವವರು ಯಾರು? ಉಳಿದವರಿಗೆ ಮಾಲು ಜೋಡಿಸುವ, ಕಟ್ಟು ಕಟ್ಟುವ, ಲಾರಿಗೆ ಲೆಕ್ಕ ಕೊಡುವ ಕೆಲಸ ಇರುತ್ತದೆ. ಎಲ್ಲರಿಗೂ ಸಿಗುತ್ತದೆ ಅಂತ ಸುಳ್ಳು ಹೇಳಲಾರೆ. ಆಳನ್ನು ಕಳೆದುಕೊಳ್ಳದೆ ಯಂತ್ರ ತರುವ ಮಾಲೀಕನಿಗೆ ಸಾಲದಲ್ಲಿ ಸರ್ಕಾರ ರಿಯಾಯಿತಿ ಕೊಟ್ಟರೆ ಅದು ಸರಿಯಾದ ಜಾಗದಲ್ಲಿ ಖರ್ಚಾದ ದುಡ್ಡು.

"ಅಷ್ಟು ದುಡ್ಡು ಎಲ್ಲಿಂದ?"

ಇದು ಅಂಗಡಿ ಮಾಲೀಕರ ಮಾತು, ಇದೂ ನಿಜ. ತಾಲ್ಲೂಕಿನ ಕಬ್ಬಿಣದ ಅಂಗಡಿಗೆ ದಿನಕ್ಕೆ ಒಂದು ಲಾರಿ ಬಂದರೆ ಹೆಚ್ಚು. ಅದಕ್ಕಾಗಿ ಸೈಡ್ ಲೋಡರ್ ಕೊಳ್ಳಿ ಅಂದರೆ ನಗುತ್ತಾರೆ.

ನಮ್ಮ ರೈತರಿಗೂ ಹೀಗೇ ಇತ್ತಲ್ಲ? ಎರಡು ಎಕರೆಯವನು ರೋಟವೇಟರ್ ಕೊಳ್ಳಲಾರ. ಅದಕ್ಕೇ ಹೋಬಳಿ ಮಟ್ಟದಲ್ಲಿ ಕೃಷಿ ಯಂತ್ರಧಾರೆ ಕೇಂದ್ರ ಮಾಡಿ ಬಾಡಿಗೆಗೆ ಕೊಟ್ಟರು. ಕೈಗಾರಿಕಾ ಪ್ರದೇಶಗಳಲ್ಲಿ, ಮರದ ಡಿಪೊಗಳ ಹತ್ತಿರ, ಪೈಪು ಕಬ್ಬಿಣದ ಅಂಗಡಿ ಸಾಲುಗಳಲ್ಲಿ ಅಂಥದ್ದೇ ಒಂದು ಕೇಂದ್ರ ಯಾಕೆ ಆಗಬಾರದು? ಹತ್ತು ಅಂಗಡಿಗೆ ಒಂದು ಗಾಡಿ, ಗಂಟೆ ಲೆಕ್ಕದ ಬಾಡಿಗೆ, ಕಲಿತ ಡ್ರೈವರ್.

ಅಷ್ಟರವರೆಗೆ ದುಡ್ಡಿಲ್ಲದೆ ಆಗುವ ಕೆಲಸಗಳೂ ಇವೆ. ಮಾಲು ನೆಲದ ಮೇಲೆ ರಾಶಿ ಹಾಕುವ ಬದಲು ಸೊಂಟದ ಎತ್ತರಕ್ಕೆ ಕಬ್ಬಿಣದ ಕೈ ಚಾಚಿದ ಸ್ಟ್ಯಾಂಡು ಮಾಡಿಸಿದರೆ ಬಗ್ಗಿ ಎತ್ತುವುದು ತಪ್ಪುತ್ತದೆ. ರಾಶಿಯನ್ನು ಲಾರಿ ನಿಲ್ಲುವ ದಿಕ್ಕಿಗೇ ಉದ್ದಕ್ಕೆ ಹಾಕಿದರೆ ಮಾಲು ತಿರುಗಿಸುವ ಕೆಲಸವೇ ಇರುವುದಿಲ್ಲ. ದುಂಡನೆಯ ಪೈಪಿಗೆ, ದಿಮ್ಮಿಗೆ ಎರಡೂ ಕಡೆ ಮರದ ಬೆಣೆ ಕೊಡಬೇಕು. ತುದಿಯನ್ನು ಕೈಯಲ್ಲಿ ಹಿಡಿಸುವ ಬದಲು ಉದ್ದನೆಯ ಹಗ್ಗ ಕಟ್ಟಿ ದೂರದಿಂದ ಹಿಡಿಸಬೇಕು. ಮಾಲು ಮೇಲಿರುವಾಗ ಅದರ ಉದ್ದದಷ್ಟು ಸುತ್ತಳತೆಯಲ್ಲಿ ಯಾರೂ ಇರಬಾರದು. ಚರಂಡಿ ಮುಚ್ಚಳ ಸರಿ ಮಾಡಿಸಲು ಒಂದು ಚೀಲ ಸಿಮೆಂಟ್ ಸಾಕು. ಆ ಒಂದು ಚೀಲ ನಮ್ಮಣ್ಣನ ಕಾಲು ಉಳಿಸುತ್ತಿತ್ತು.

ಕೆಲಸಕ್ಕೆ ಹೊರಟವರು ಕೇಳಬೇಕಾದದ್ದು

ಗಾಯವಾಗುವಷ್ಟು ಭಾರ ಯಾರ ಕೈಲೂ ಎತ್ತಿಸಬಾರದು ಅಂತ 1948ರ ಕಾರ್ಖಾನೆ ಕಾಯ್ದೆಯೇ ಬರೆದಿಟ್ಟಿತ್ತು. ಬರೆದದ್ದು ತಾನಾಗಿ ಗೋಡೌನಿನೊಳಗೆ ನಡೆದುಕೊಂಡು ಬರುವುದಿಲ್ಲ. ಕೇಳುವವರು ಬೇಕು.

ದಾಬಸ್‌ಪೇಟೆ, ನೆಲಮಂಗಲ, ಪೀಣ್ಯ, ಬಿಡದಿ, ನರಸಾಪುರ ಅಂತ ಈ ಓದುಗರಲ್ಲಿ ಎಷ್ಟೋ ಜನರ ಮಕ್ಕಳು, ತಮ್ಮಂದಿರು ಹೊರಟಿರುತ್ತಾರೆ. ಸಂಬಳ ಎಷ್ಟು, ರೂಮು ಕೊಡ್ತಾರಾ ಅಂತ ಕೇಳುವ ಜೊತೆಗೆ ಇನ್ನು ನಾಲ್ಕು ಮಾತು ಕೇಳಿಸಿ. ಅಲ್ಲಿ ಉದ್ದದ ಮಾಲು ಇದೆಯಾ, ಇದ್ದರೆ ಯಾವುದರಲ್ಲಿ ಎತ್ತುತ್ತಾರೆ? ತುದಿ ಹಿಡಿಯಲು ಆಳು ನಿಲ್ಲಿಸುತ್ತಾರಾ? ಫೋರ್ಕ್‌ಲಿಫ್ಟ್ ಕಲಿಸುವವರು ಪೈಪು, ಕಂಬಿ, ದಿಮ್ಮಿ ಎತ್ತುವುದನ್ನು ಕಲಿಸಿದ್ದಾರಾ, ಇಲ್ಲ ಚೌಕಾಕಾರದ ಪೆಟ್ಟಿಗೆ ಎತ್ತಿಸಿ ಸರ್ಟಿಫಿಕೇಟ್ ಕೊಟ್ಟಿದ್ದಾರಾ? ನಾಲ್ಕನೆಯದು, ಇಎಸ್‌ಐ ನಂಬರ್ ಯಾವಾಗ ಕೊಡುತ್ತಾರೆ?

ಆ ನಂಬರಿನ ಬೆಲೆ ನಮ್ಮ ಮನೆಯವರಿಗೆ ತಡವಾಗಿ ಗೊತ್ತಾಯಿತು. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಾರ್ಖಾನೆಗೆ ಇಎಸ್‌ಐ ಅನ್ವಯಿಸುತ್ತದೆ. 2017ರಲ್ಲಿ ಇದರ ಸಂಬಳದ ಮಿತಿಯನ್ನು ತಿಂಗಳಿಗೆ 21,000 ರೂಪಾಯಿಗೆ ಏರಿಸಿದರು. ಗುತ್ತಿಗೆ ಕೆಲಸದವರೂ ಇದರೊಳಗೆ ಬರುತ್ತಾರೆ. ಕೆಲಸದಲ್ಲಿ ಪೆಟ್ಟಾದರೆ, ಸೇರಿದ ಮೊದಲ ದಿನವೇ ಆದರೂ, ಚಿಕಿತ್ಸೆ ಇದೆ, ವಾಸಿಯಾಗುವವರೆಗೆ ಕೂಲಿಯ ಶೇ 90ರಷ್ಟು ದುಡ್ಡೂ ಇದೆ. ಹತ್ತು ಕುರಿ ಮಾರುವುದು ತಪ್ಪುತ್ತಿತ್ತು.

ಅಣ್ಣನ ತಮ್ಮ ಈಗ ಐಟಿಐ ಮುಗಿಸಿದ್ದಾನೆ. ಹೋದ ವಾರ ಒಂದು ಗೋಡೌನಿನಿಂದ ಅವನಿಗೆ ಫೋನ್ ಬಂತು, ಸೋಮವಾರ ಬಾ ಅಂತ. ಮನೆಯಲ್ಲಿ ಎಲ್ಲರೂ ಬಟ್ಟೆ, ಬಸ್ಸು ಅಂತ ಮಾತಾಡುತ್ತಿದ್ದರು. ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದ ಅಣ್ಣ ಅಲ್ಲಿಂದಲೇ ಕೂಗಿದ: "ಲೇ, ಸಂಬಳ ಆಮೇಲೆ ಕೇಳು. ಅಲ್ಲಿ ಉದ್ದದ ಮಾಲು ಹೆಂಗೆ ಎತ್ತುತಾರೆ ಅಂತ ಮೊದ್ಲು ನೋಡ್ಕೊಂಡು ಬಾ. ತುದಿ ಹಿಡ್ಕೋ ಅಂದ್ರೆ ವಾಪಸ್ ಬಸ್ ಹತ್ತು."